ಶರಾವತಿಯ ದಂಡೆಯಲ್ಲಿ ಮೆಣಸಿನ ಬೆಲೆ

ಘಟ್ಟದ ಮೇಲಿನ ಕಾಳುಮೆಣಸು ಹಡಗು ಹತ್ತಲು ಒಂದು ಕಾಲದಲ್ಲಿ ಇಳಿಯುತ್ತಿದ್ದ ದಾರಿಯಲ್ಲೇ ನಾನೂ ಇಳಿಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಶಿರಸಿಯಲ್ಲಿ ಹೊರಟು ಸಿದ್ದಾಪುರ, ಮಾವಿನಗುಂಡಿ, ಮಾಲೆಮನೆ ಘಾಟಿ, ಗೇರುಸೊಪ್ಪೆ, ಕೊನೆಗೆ ಶರಾವತಿ ಕಡಲು ಸೇರುವ ಹೊನ್ನಾವರ. ಹೇರೆತ್ತುಗಳು ದಿನಗಟ್ಟಲೆ ನಡೆಯುತ್ತಿದ್ದ ಈ ದೂರವನ್ನು ಬಸ್ಸು ಈಗ ಅರ್ಧ ದಿನದೊಳಗೆ ಮುಗಿಸುತ್ತದೆ. ಜಾಗತೀಕರಣವೆಂದರೆ 1991ರ ನಂತರ ಬೆಂಗಳೂರಿಗೆ ಬಂದಿಳಿದದ್ದು ಎಂದು ನಂಬಿದವರು ಈ ದಾರಿಯಲ್ಲಿ ಒಮ್ಮೆ ಓಡಾಡಬೇಕು. ಇಲ್ಲಿಗೆ ಅದು ಬಂದು ಐನೂರು ವರ್ಷ ದಾಟಿತು. ಬಂದಾಗ ಚಿನ್ನವನ್ನೂ ತಂದಿತ್ತು, ಬೆಂಕಿಯನ್ನೂ ತಂದಿತ್ತು.

ಶಿರಸಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಅಡಿಕೆಯದೇ ಮೇಲುಗೈ. ಚಾಲಿ, ರಾಶಿ, ಬೆಟ್ಟೆ ಎಂದು ಬೇರೆಬೇರೆಯಾಗಿ ಸುರಿದ ಅಡಿಕೆಯ ಮುಂದೆ ವ್ಯಾಪಾರಿಗಳು ಬಗ್ಗುತ್ತಾರೆ, ಒಂದು ಹಿಡಿ ಎತ್ತಿ ನೋಡುತ್ತಾರೆ, ಟೆಂಡರ್ ಚೀಟಿಯಲ್ಲಿ ದರ ಬರೆದು ಮುಂದೆ ಹೋಗುತ್ತಾರೆ. ಮೆಣಸಿನ ಚೀಲಗಳು ಅಷ್ಟು ಜಾಗ ಬೇಡುವುದಿಲ್ಲ. ಆದರೆ ಮಗಳ ಮದುವೆ, ಮಗನ ಕಾಲೇಜು ಫೀಸು, ಮನೆಯ ಮಾಡು ರಿಪೇರಿ ಇವನ್ನೆಲ್ಲ ಈ ಸೀಮೆಯಲ್ಲಿ ನಡೆಸಿಕೊಟ್ಟದ್ದು ಬಹಳ ಸಲ ಆ ಚೀಲಗಳೇ. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿ ಬೇರೆ ಜಾಗ ಕೇಳುವುದಿಲ್ಲ. ಒಣಗಿಸಿ ಇಟ್ಟ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಬೆಳೆಗಾರರ ಮನೆಯ ಅಟ್ಟದಲ್ಲಿ ಮೆಣಸು ಕಷ್ಟಕಾಲದ ಠೇವಣಿಯಾಗಿ ಕೂತಿರುತ್ತದೆ.

ದಲಾಲರ ಕೈಯಿಂದ ಬೆಳೆಗಾರನನ್ನು ಬಿಡಿಸಬೇಕೆಂದು ಇಲ್ಲಿಯ ಹಿರಿಯರು 1923ರಲ್ಲೇ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದರು. ತೂಕದಲ್ಲಿ ಮೋಸವಿಲ್ಲ, ದುಡ್ಡಿಗೆ ಕಾಯಿಸುವುದಿಲ್ಲ, ಬೆಳೆಯ ಮೇಲೆ ಮುಂಗಡ ಸಿಗುತ್ತದೆ. ಮಲೆನಾಡಿನಲ್ಲಿ ಸಹಕಾರ ಎಂಬ ಮಾತಿಗೆ ಇವತ್ತಿಗೂ ತೂಕ ಉಳಿದಿದ್ದರೆ ಇಂಥ ಸಂಘಗಳಿಂದ. ಆದರೆ ಆ ಹಿರಿಯರ ಎದುರಿಗಿದ್ದ ದಲಾಲ ಕಣ್ಣಿಗೆ ಕಾಣುವವನು, ಪೇಟೆಯಲ್ಲೇ ಅಂಗಡಿ ಇಟ್ಟವನು. ಈಗಿನ ದರ ಬರುವುದು ಎಲ್ಲಿಂದ? ಪ್ರಾಂಗಣದ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ಬೆಳೆಗಾರರೊಬ್ಬರು ನನ್ನ ಪ್ರಶ್ನೆಗೆ ತಮ್ಮ ಮೊಬೈಲನ್ನೇ ಮುಂದೆ ಹಿಡಿದರು. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶ: ವಿಯೆಟ್ನಾಂ ಇಷ್ಟು, ಬ್ರೆಜಿಲ್ ಇಷ್ಟು, ಕೊಚ್ಚಿ ಇಷ್ಟು. "ಬೆಳೆಯೂದು ನಾವು, ರೇಟು ಹೇಳೂದು ಬೇರೆಯವರು. ನಮ್ಮ ಅಪ್ಪನ ಕಾಲದಲ್ಲಿ ಕೊಚ್ಚಿ ರೇಟು ಕೇಳ್ತಿದ್ರು. ಈಗ ಬೆಳಿಗ್ಗೆ ಎದ್ದು ವಿಯೆಟ್ನಾಂ ರೇಟು ಕೇಳಬೇಕು, ಎಂತ ಮಾಡೂದು ಹೇಳಿ," ಎಂದರು.

ಕಾಳುಮೆಣಸಿನ ತವರು ಇದೇ ಪಶ್ಚಿಮಘಟ್ಟ. ಕಾಡಿನ ಮರಗಳ ಮೇಲೆ ತಾನಾಗಿ ಹಬ್ಬಿಕೊಂಡಿದ್ದ ಬಳ್ಳಿಯನ್ನು ಇಲ್ಲಿಯ ಜನ ತೋಟಕ್ಕೆ ತಂದರು, ಇಲ್ಲಿಂದ ಅದು ಜಗತ್ತಿಗೆ ಹೋಯಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆದು ಮಾರುವ ದೇಶ ವಿಯೆಟ್ನಾಂ. ಅಮೆರಿಕದೊಡನೆ ನಡೆದ ಯುದ್ಧದ ಗಾಯ ಮಾಯುತ್ತಿದ್ದ ಹೊತ್ತಿನಲ್ಲಿ, 1986ರಲ್ಲಿ, ಆ ದೇಶ ತನ್ನ ಆರ್ಥಿಕತೆಯ ಬಾಗಿಲು ತೆರೆಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಮೆಣಸಿನ ರಫ್ತಿನಲ್ಲಿ ನಮ್ಮನ್ನೂ ಇಂಡೋನೇಷ್ಯಾವನ್ನೂ ಹಿಂದೆ ಹಾಕಿತು. ಅಲ್ಲಿಯ ಬಳ್ಳಿ ಕಂಬಗಳ ಮೇಲೆ ಸಾಲಾಗಿ ನಿಂತು, ನೀರು ಗೊಬ್ಬರ ಉಂಡು ಬೆಳೆಯುತ್ತದೆ. ಎಕರೆಗೆ ಬರುವ ಇಳುವರಿಯಲ್ಲಿ ನಮ್ಮ ತೋಟ ಅದರ ಹತ್ತಿರ ಸುಳಿಯುವುದಿಲ್ಲ. ಭಾರತದ ಬೆಳೆ ವರ್ಷಕ್ಕೆ ಸುಮಾರು 60ರಿಂದ 70 ಸಾವಿರ ಟನ್ನಿನ ಆಸುಪಾಸಿನಲ್ಲಿದ್ದಾಗ ವಿಯೆಟ್ನಾಮಿನದು ಎರಡೂವರೆ ಲಕ್ಷ ಟನ್ ದಾಟಿತ್ತು.

ನಮ್ಮ ಬಾಗಿಲೂ ಹಾಗೇ ತೆರೆಯುತ್ತ ಬಂತು. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಯಾಯಿತು. ವರ್ಷಕ್ಕೆ 2500 ಟನ್ ಮೆಣಸು ಸುಂಕವಿಲ್ಲದೆ ಬರಲು ಅನುಮತಿ ಸಿಕ್ಕಿತು. ವಿಯೆಟ್ನಾಂ ಕೂಡ ಇರುವ ಆಸಿಯಾನ್ ಕೂಟದ ದೇಶಗಳೊಡನೆ ಮಾಡಿಕೊಂಡ ಒಪ್ಪಂದ 2010ರಿಂದ ಜಾರಿಗೆ ಬಂತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಒಳಗೆ ಬರುತ್ತಿದೆ ಎಂಬುದು ಬೆಳೆಗಾರರ ಬಹುಕಾಲದ ದೂರು. 2015ರ ಹೊತ್ತಿಗೆ ಕಿಲೋಗೆ 700 ರೂಪಾಯಿಯ ಸುತ್ತ ಆಡುತ್ತಿದ್ದ ದರ ಮೂರ್ನಾಲ್ಕು ವರ್ಷಗಳಲ್ಲಿ ಅದರ ಅರ್ಧಕ್ಕೆ ಕುಸಿಯಿತು. ಕೂಗು ದಿಲ್ಲಿಗೆ ಮುಟ್ಟಿ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ದರ ಕಟ್ಟಿತು. ಮರುವರ್ಷ ಅದಕ್ಕಿಂತ ಅಗ್ಗದ ಆಮದನ್ನೇ ನಿಷೇಧಿಸಿತು. ಆಮೇಲೆ ದರ ನಿಧಾನಕ್ಕೆ ಚೇತರಿಸಿಕೊಂಡಿತು. ಆದರೆ ನಡುವಿನ ಆ ವರ್ಷಗಳಲ್ಲಿ ಸಾಲ ತೀರಿಸಲು ಅಗ್ಗಕ್ಕೆ ಮಾರಿಕೊಂಡವರಿಗೆ ಈ ಚೇತರಿಕೆಯಿಂದ ಏನೂ ಬರಲಿಲ್ಲ. ಅಟ್ಟದಲ್ಲಿ ಇಟ್ಟುಕೊಂಡು ಕಾಯಬಲ್ಲವರಿಗೆ ಬಂತು. ಜಾಗತಿಕ ಮಾರುಕಟ್ಟೆಯ ಏರಿಳಿತ ಒಂದೇ ಊರಿನ ಎರಡು ಮನೆಗಳನ್ನು ಹೀಗೆ ಬೇರೆಬೇರೆ ದಿಕ್ಕಿಗೆ ಒಯ್ಯುತ್ತದೆ.

ಹಾಗೆಂದು ವಿಯೆಟ್ನಾಮಿನ ರೈತ ನಮ್ಮ ರೈತನ ಶತ್ರುವೆಂದು ನಾನು ಒಪ್ಪುವುದಿಲ್ಲ. ದರ ಮೇಲಿದ್ದಾಗ ಅಲ್ಲಿಯ ಗಿಯಾ ಲಾಯ್ ಪ್ರಾಂತದ ಬೆಟ್ಟಸೀಮೆಯಲ್ಲಿ ಜನ ಬ್ಯಾಂಕ್ ಸಾಲ ತಂದು ಸಿಕ್ಕಸಿಕ್ಕಲ್ಲಿ ಬಳ್ಳಿ ನೆಟ್ಟರು. ದರ ಬಿತ್ತು, ಅದೇ ಹೊತ್ತಿಗೆ ರೋಗ ತಗುಲಿ ಬಳ್ಳಿಗಳೂ ಸತ್ತವು. ಸಾಲ ತೀರಿಸಲಾಗದೆ ಮನೆ ಬಿಟ್ಟು ನಗರಕ್ಕೆ ಕೂಲಿಗೆ ಹೋದ ಕುಟುಂಬಗಳು ಅಲ್ಲೂ ಇವೆ. ನಮ್ಮ ಕಡೆ ಸೊರಗು ರೋಗಕ್ಕೆ ತೋಟ ಕಳೆದುಕೊಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆಯ ಬೆಳೆಗಾರರು ಒಬ್ಬರನ್ನೊಬ್ಬರು ನೋಡಿಲ್ಲ. ಒಬ್ಬರ ದರ ಮಾತ್ರ ಇನ್ನೊಬ್ಬರ ಮನೆಯಲ್ಲಿ ಓಡಾಡುತ್ತದೆ.

ಸಿದ್ದಾಪುರದಿಂದ ಸ್ವಲ್ಪ ಒಳಗೆ, ಕಣಿವೆಯ ಪುಟ್ಟ ಊರೊಂದರ ತೋಟಕ್ಕೆ ಹೋದೆ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಹೆಂಚಿನ ಮನೆ. ಅಂಗಳದಲ್ಲಿ ಮೆಣಸು ಹರವಿತ್ತು. ಹಸಿರು ಕಾಳು ಬಿಸಿಲಿಗೆ ಕಪ್ಪಾಗುತ್ತ, ಸುಕ್ಕಾಗುತ್ತ ಬರುವುದನ್ನು ಕೂತು ನೋಡಬೇಕು. ಅದರ ಘಾಟು ಮನೆಯೊಳಗಿನ ಬಟ್ಟೆಗೂ ಹಿಡಿದಿರುತ್ತದೆ. ಯಜಮಾನರು ತೋಟ ಸುತ್ತಿಸಿದರು. ಮಲ್ಲಿಗೆಸರ, ಕರಿಮಲ್ಲಿಗೆಸರ, ತಟ್ಟಿಸರ ಎಂದು ಅಜ್ಜನ ಕಾಲದ ಬಳ್ಳಿಗಳನ್ನು ಒಂದೊಂದಾಗಿ ತೋರಿಸಿದರು. ಅವುಗಳ ನಡುವೆ ಹೆಚ್ಚು ಕಾಣುವುದು ಕೇರಳದ ಸಂಶೋಧನಾ ಕೇಂದ್ರದಲ್ಲಿ ತಯಾರಾದ ಪಣಿಯೂರು-1. ಉದ್ದನೆಯ ಗೊಂಚಲು, ದಪ್ಪ ಕಾಳು. ಇಳುವರಿ ಬೇಕಾದವರು ಅದನ್ನೇ ನೆಡುತ್ತಾರೆ, ತಪ್ಪೇನಿಲ್ಲ. ಹಳೆಯ ತಳಿಗಳನ್ನು ಯಾಕೆ ಉಳಿಸಿಕೊಂಡಿದ್ದೀರಿ ಎಂದರೆ, "ಇವಕ್ಕೆ ನಮ್ಮ ಮಳೆ ಗೊತ್ತಿದ್ದು," ಎಂದರು.

ಅವರ ಮನೆಯಲ್ಲಿ ಈಗ ಇರುವುದು ಗಂಡ ಹೆಂಡತಿ ಇಬ್ಬರೇ. ಮಗಳು ಮದುವೆಯಾಗಿ ಅಮೆರಿಕದಲ್ಲಿ, ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಆ ಊರಿನಲ್ಲಿ ಕಣ್ಣಿಗೆ ಬಿದ್ದ ಮನೆಗಳ ಕಥೆ ಹೆಚ್ಚುಕಡಿಮೆ ಇದೇ. ಯಾವ ಮೆಣಸು, ಯಾವ ಅಡಿಕೆ ಆ ಮಕ್ಕಳನ್ನು ಓದಿಸಿತೋ ಆ ಓದು ಅವರನ್ನು ತೋಟದಿಂದ ಎಬ್ಬಿಸಿ ಕರೆದೊಯ್ಯಿತು. ತಂದೆತಾಯಿ ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ, ಹೇಳಬೇಕಾದ್ದೂ ಹಾಗೆಯೇ. ಆದರೆ ತೋಟದಲ್ಲೇ ಉಳಿದ ಹುಡುಗರ ಪಾಡು ಬೇರೆ. ಮೂವತ್ತೈದು, ನಲವತ್ತು ದಾಟಿದರೂ ಮದುವೆಯಾಗದ ಗಂಡುಮಕ್ಕಳು ಈ ಸೀಮೆಯ ಊರೂರಿನಲ್ಲಿದ್ದಾರೆ. ತೋಟ ಇದೆ, ಮನೆ ಇದೆ, ದುಡಿಯುವ ಕೈ ಇದೆ, ಹೆಣ್ಣು ಕೊಡುವವರಿಲ್ಲ. ಹೆಣ್ಣುಮಕ್ಕಳನ್ನು ನಾನು ದೂರುವುದಿಲ್ಲ. ತಾಯಂದಿರು ಹೊಗೆ, ಸಗಣಿ, ಮಳೆಗಾಲದ ಕೆಸರಿನಲ್ಲಿ ಸವೆದದ್ದನ್ನು ನೋಡಿ ಬೆಳೆದವರು ಅವರು. ಬೇರೆ ಬದುಕು ಬೇಕೆಂದರೆ ಅದು ಅವರ ಹಕ್ಕು. ಆದರೂ ಒಂದು ಸಂಜೆ ಆ ಊರಿನ ಜಗಲಿಯ ಮೇಲೆ ಕೂತರೆ ಗೊತ್ತಾಗುತ್ತದೆ, ವ್ಯಾಪಾರದ ಅಂಕಿಸಂಖ್ಯೆಗಳ ಯಾವ ಪುಸ್ತಕದಲ್ಲೂ ಈ ಲೆಕ್ಕ ಬರೆದಿಲ್ಲ.

ಬಳ್ಳಿ ಹತ್ತಿ ಕೊಯ್ಯುವವರ ಮಾತನ್ನೂ ಹೇಳಬೇಕು. ಒಂಟಿ ಬಿದಿರಿನ ಏಣಿಯನ್ನು ಅಡಿಕೆ ಮರಕ್ಕೆ ಆನಿಸಿ ಮೇಲೇರುವ ಕೆಲಸ ಅದು. ಬಿದ್ದರೆ ಸೊಂಟ ಹೋಯಿತು. ಆ ಕೆಲಸಕ್ಕೆ ಜನ ಸಿಗುವುದಿಲ್ಲವೆಂಬುದು ತೋಟದವರ ದೊಡ್ಡ ದೂರು. ಏಣಿ ಹತ್ತುವವರ ಮಕ್ಕಳೂ ಓದಿ ಪೇಟೆಗೆ ಹೋಗಲು ಬಯಸುತ್ತಾರೆ ಎಂಬುದನ್ನು ಆ ದೂರಿನ ಜೊತೆಗೇ ನೆನೆಯಬೇಕು.

ಮಾವಿನಗುಂಡಿ ದಾಟಿ ಮಾಲೆಮನೆ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿ ಪೂರ್ತಿ ಹಸಿರು. ಸಿಂಗಳೀಕಗಳು ಉಳಿದುಕೊಂಡಿರುವ ಕಾಡು ಇದು.

ಗೇರುಸೊಪ್ಪೆಯಲ್ಲಿ ಇಳಿದೆ. ಇಲ್ಲಿಯ ನಗರಬಸ್ತಿಕೇರಿ ಎಂಬ ಜಾಗದಲ್ಲಿ, ಮರಗಳ ನಡುವೆ, ಕಗ್ಗಲ್ಲಿನ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರು. ಸುತ್ತ ಇನ್ನೂ ಕೆಲವು ಬಸದಿಗಳು, ಅಡಿಪಾಯಗಳು, ಶಾಸನದ ಕಲ್ಲುಗಳು. ಜೈನ ಯಕ್ಷಿ ಜ್ವಾಲಾಮಾಲಿನಿಗೆ ಈಗಲೂ ಪೂಜೆ ನಡೆಯುತ್ತದೆ. ಒಂದು ರಾಜಧಾನಿಯಿದ್ದ ಜಾಗ ಇದು ಎಂದು ಯಾರಾದರೂ ಹೇಳಿದರಷ್ಟೇ ತಿಳಿಯಬೇಕು. 16ನೇ ಶತಮಾನದ ನಡುವಿನಿಂದ ಐದು ದಶಕಗಳಿಗೂ ಮಿಕ್ಕಿ ಇಲ್ಲಿಂದ ಆಳಿದವಳು ರಾಣಿ ಚೆನ್ನಭೈರಾದೇವಿ. ಘಟ್ಟದ ಮೇಲಿನ ಮೆಣಸು ಅವಳ ನಾಡನ್ನು ಹಾಯದೆ ಕಡಲಿಗೆ ಇಳಿಯುವಂತಿರಲಿಲ್ಲ. ಹೊನ್ನಾವರ, ಭಟ್ಕಳ, ಅಘನಾಶಿನಿ ದಂಡೆಯ ಮಿರ್ಜಾನ್, ಹೀಗೆ ನದಿ ಕಡಲು ಸೇರುವ ಬಾಯಿಗಳ ಮೇಲೆ ಅವಳ ಕಣ್ಣಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು.

ಆ ಹೆಸರಿನ ಹಿಂದೆ ಗೌರವವೂ ಇತ್ತು, ಹಸಿವೂ ಇತ್ತು. ಲಿಸ್ಬನ್ನಿನ ಅರಸರಿಗೆ ಮೆಣಸೆಂದರೆ ಖಜಾನೆ. ಕೊಳ್ಳುವುದು ಮಾತ್ರ ಅವರಿಗೆ ಸಾಕಾಗಲಿಲ್ಲ. ಬೇರೆ ಯಾರೂ ಕೊಳ್ಳಬಾರದು, ಯಾರೂ ಸಾಗಿಸಬಾರದು. ಅರಬ್ಬೀ ಸಮುದ್ರದಲ್ಲಿ ಓಡಾಡುವ ಹಡಗುಗಳು ತಮ್ಮಿಂದ ಕರ್ತಾಜ್ ಎಂಬ ರಹದಾರಿ ಪಡೆಯಬೇಕೆಂದರು. ಪಡೆಯದಿದ್ದರೆ ಹಡಗನ್ನು ಹಿಡಿದರು, ಸುಟ್ಟರು. ಭಟ್ಕಳವನ್ನು 1542ರಲ್ಲಿ ಸುಟ್ಟು ಹಾಳುಗೆಡವಿದರು. 1569ರಲ್ಲಿ ಹೊನ್ನಾವರದ ಕೋಟೆ ಅವರ ವಶವಾಯಿತು. ಮುಕ್ತ ವ್ಯಾಪಾರ ಎಂಬ ಮಾತನ್ನು ಯುರೋಪು ನಮಗೆ ಬೋಧಿಸುವ ಹೊತ್ತಿಗೆ ಈ ಕರಾವಳಿ ಫಿರಂಗಿಯ ವ್ಯಾಪಾರ ಎಂಥದೆಂದು ಕಂಡಾಗಿತ್ತು. ಅಂಥ ಕಾಲದಲ್ಲಿ ರಾಣಿ ಒಮ್ಮೆ ಕಾದಾಡಿ, ಒಮ್ಮೆ ಒಪ್ಪಂದ ಮಾಡಿಕೊಂಡು, ಮಾರುವುದನ್ನು ಮಾರಿ, ತನ್ನ ನಾಡನ್ನು ಅಷ್ಟು ವರ್ಷ ಉಳಿಸಿಕೊಂಡಳು. ಕೊನೆಗೆ ಅವಳನ್ನು ಸೋಲಿಸಿದ್ದು ಕಡಲಾಚೆಯವರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. ಮುಪ್ಪಿನಲ್ಲಿ ಸೆರೆಯಾದಳು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಹೋಗುವಾಗ ಇದೇ ನದಿಯಲ್ಲಿ ದೋಣಿಯೇರಿ ಬಂದ. ಶರಾವತಿಯ ಚೆಲುವಿಗೆ ಮನಸೋತ. ಗೇರುಸೊಪ್ಪೆ ಆಗಲೇ ಹಾಳುಬಿದ್ದು, ಅರಮನೆಯ ಮೇಲೆ ಗಿಡಮರ ಬೆಳೆದದ್ದನ್ನು ಬರೆದಿಟ್ಟ. ರಾಣಿಯ ಬಗ್ಗೆ ಅವನು ಕೇಳಿ ಬರೆದ ಚಾಡಿಮಾತುಗಳನ್ನು ನಾನಿಲ್ಲಿ ಮತ್ತೆ ಹೇಳುವುದಿಲ್ಲ; ಆಳಿದ ಹೆಂಗಸು ಸೋತಾಗ ಲೋಕ ಹೇಳುವ ಮಾತುಗಳೇ ಅವು. ಐವತ್ತು ವರ್ಷ ಆಳಿದವಳನ್ನು ಅಷ್ಟರಲ್ಲಿ ಮುಗಿಸುವುದು ಅನ್ಯಾಯ.

ಆದರೆ ಬಸದಿಯ ಕಟ್ಟೆಯ ಮೇಲೆ ಕೂತಾಗ ಇನ್ನೊಂದು ಅನ್ಯಾಯವೂ ಮನಸ್ಸಿಗೆ ಬಂತು. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿದೆ, ಕಟ್ಟಿಸಿದ ಸೆಟ್ಟಿಗಳ ಹೆಸರಿದೆ. ಮೆಣಸು ಕೊಯ್ದವರು, ಹೊತ್ತವರು, ಎತ್ತು ಹೊಡೆದುಕೊಂಡು ಘಟ್ಟ ಇಳಿದವರು ಕಲ್ಲಿಗೆ ಏರಲಿಲ್ಲ. ರಾಣಿಯ ಕಾಲವನ್ನು ಹೊಗಳುವ ಭರದಲ್ಲಿ ನಾವು ಇದನ್ನು ಮರೆಯಬಾರದು. ಅವಳನ್ನು ನಾನು ನೆನೆಯುವುದು ಬೇರೆ ಕಾರಣಕ್ಕೆ. ಜಗತ್ತಿನ ಜೊತೆ ವ್ಯವಹರಿಸುವಾಗ ಈ ನಾಡಿನ ಪರವಾಗಿ ಷರತ್ತು ಹೇಳುವ ಒಂದು ದನಿ ಆಗ ಈ ನದಿಯ ದಂಡೆಯಲ್ಲೇ ಇತ್ತು. ಈಗ ಷರತ್ತುಗಳನ್ನು ಬರೆಯುವುದು ಇಲ್ಲಿಂದ ಬಹಳ ದೂರದಲ್ಲಿ.

ಹೊನ್ನಾವರದ ಸೇತುವೆಯ ಮೇಲೆ ನಿಂತರೆ ಒಂದು ಕಡೆ ಘಟ್ಟದ ಸಾಲು, ಇನ್ನೊಂದು ಕಡೆ ಅಳಿವೆ. 1340ರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಪೋರ್ಚುಗೀಸರ ಹಡಗು ಬರುವುದಕ್ಕೂ ನೂರೈವತ್ತು ವರ್ಷ ಮುಂಚಿನ ಮಾತು. ಕಡಲಾಚೆಯ ಸಂಪರ್ಕವೆಂದರೆ ಕೊಳ್ಳೆ ಮಾತ್ರ ಎನ್ನುವವರಿಗೆ ಈ ಸಾಲು ಉತ್ತರ ಹೇಳುತ್ತದೆ. ಅರಬ್ಬರು ಕುದುರೆ ತಂದರು, ಅಕ್ಕಿ, ಸಕ್ಕರೆ, ಕಬ್ಬಿಣ ಒಯ್ದರು, ಇಲ್ಲೇ ಮದುವೆಯಾಗಿ ಊರಿನವರಾದರು. ಹತ್ತಿರದ ಭಟ್ಕಳದ ನವಾಯತ ಮುಸ್ಲಿಮರ ಮಾತು, ಅಡುಗೆ, ಹಳೆಯ ಮನೆಗಳ ಮರಗೆಲಸ ಎಲ್ಲದರಲ್ಲೂ ಆ ಬೆಸುಗೆ ಕಾಣುತ್ತದೆ. ಅದೇ ಭಟ್ಕಳ ಈಗ ದುಬೈ ಕಡೆಗೆ ಮುಖ ಮಾಡಿ ಬದುಕುತ್ತಿದೆ. ದೊಡ್ಡ ಮನೆಗಳು ಎದ್ದಿವೆ, ಬಾಗಿಲಿಗೆ ಬೀಗ. ರಂಜಾನ್ ರಜೆಗೆ ಬಂದವರು ಕೆಲವೇ ವಾರ ಇದ್ದು ಹೊರಡುತ್ತಾರೆ. ಸಿದ್ದಾಪುರದ ಜಗಲಿಯಲ್ಲಿ ಕಂಡ ಒಂಟಿತನವೇ ಇಲ್ಲಿ ಬೇರೆ ವೇಷದಲ್ಲಿ ಎದುರಾಯಿತು. ಒಂದು ಮನೆ ಅಮೆರಿಕದ ಫೋನಿಗೆ ಕಾಯುತ್ತದೆ, ಇನ್ನೊಂದು ಕೊಲ್ಲಿಯ ಫೋನಿಗೆ. ಧರ್ಮದ ಹೆಸರಿನಲ್ಲಿ ದೂರ ದೂರ ಕೂರಿಸಿದ ಈ ಎರಡು ಮನೆಗಳ ಸಂಕಟ ಇಷ್ಟು ಹತ್ತಿರವಿರುವುದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಸೇತುವೆ ದಾಟಿ ಕಾಸರಕೋಡಿನ ಟೊಂಕಕ್ಕೆ ಹೋದೆ. ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆ. ಮರಳಿನ ಮೇಲೆ ಉದ್ದಕ್ಕೂ ಮೀನು ಒಣಗಿಸುವ ಜಾಗಗಳು. ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆಯೂ ಇದೇ. ಇಲ್ಲಿ ಖಾಸಗಿ ಕಂಪನಿಯೊಂದು ವಾಣಿಜ್ಯ ಬಂದರು ಕಟ್ಟುವ ಯೋಜನೆ ಹತ್ತು ವರ್ಷಕ್ಕೂ ಹಿಂದಿನಿಂದ ನಡೆದಿದೆ. ಮೀನುಗಾರರು ಅಷ್ಟೇ ಕಾಲದಿಂದ ವಿರೋಧಿಸುತ್ತ ಬಂದಿದ್ದಾರೆ. ಹೆಂಗಸರು ಮುಂದೆ ನಿಂತು ಲಾರಿಗಳನ್ನು ತಡೆದಿದ್ದಾರೆ, ಪೊಲೀಸ್ ಕೇಸು ಹಾಕಿಸಿಕೊಂಡಿದ್ದಾರೆ. ಬಿಸಿಲಿನಲ್ಲಿ ಮೀನು ಮಗುಚುತ್ತಿದ್ದ ಅಕ್ಕನೊಬ್ಬರನ್ನು ಮಾತಾಡಿಸಿದೆ. "ಬಂದರು ಬೇಡ ಅಂತ ನಾವ್ ಹೇಳೂದಲ್ಲ. ಹಡಗು ನಾವು ಕಾಣದ್ದಾ? ಆದ್ರೆ ನಮ್ಗೆ ಒಂದು ಮಾತು ಕೇಳ್ಬೇಕಿತ್ತಾ ಬೇಡ್ವಾ? ಈ ಮರಳು ಹೋದ್ರೆ ಮೀನು ಒಣಗ್ಸೂದು ಎಲ್ಲಿ?" ಎಂದು ಕೇಳಿದರು.

ಶಿರಸಿಯ ಕಟ್ಟೆಯ ಮೇಲೆ ಕೂತ ಹಿರಿಯರೂ ಟೊಂಕದ ಈ ಅಕ್ಕನೂ ಒಬ್ಬರಿಗೊಬ್ಬರು ಪರಿಚಯದವರಲ್ಲ. ಇಬ್ಬರ ಮಾತೂ ಒಂದೇ. ವ್ಯಾಪಾರವನ್ನು ಅವರು ಬೇಡ ಎನ್ನುತ್ತಿಲ್ಲ. ತಲೆಮಾರುಗಳಿಂದ ಅದರಿಂದಲೇ ಬದುಕಿದವರು ಅವರು. ಅವರು ಕೇಳುತ್ತಿರುವುದು ತಮ್ಮನ್ನು ಕೇಳಿ ಎಂದು. ಕೇಳಿದರೆ ಫಲ ಸಿಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆಯೂ ಇದೆ: 2019ರ ನವೆಂಬರಿನಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಗೆ ಬಂದಾಗ ಅದರ ಹಿಂದೆ ಹಾಲು ಉತ್ಪಾದಕರ ಕೂಗಿನ ಒತ್ತಡವೂ ಇತ್ತು. ಮೆಣಸಿನ ಕನಿಷ್ಠ ಆಮದು ದರವೂ ಬೆಳೆಗಾರರು ಕೂಗಿದ ಮೇಲೆಯೇ ಬಂದದ್ದು. ಆದರೆ ನಷ್ಟವಾದ ಮೇಲೆ ಕೂಗಿ ಪಡೆಯುವುದು ಒಂದು, ಸಹಿ ಬೀಳುವ ಮುಂಚೆ ಗೊತ್ತಿರುವುದು ಇನ್ನೊಂದು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೇಳಿಕೆ. ಇನ್ನೊಂದು ಮುಕ್ತ ವ್ಯಾಪಾರ ಒಪ್ಪಂದದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಪುಟ ಮಗುಚಬೇಡಿ. ನಿಮ್ಮ ಸಂಸದರಿಗೆ ಒಂದು ಕಾಗದ ಬರೆಯಿರಿ. ಮೆಣಸು, ಅಡಿಕೆ, ಮೀನು ಯಾವ ಪಟ್ಟಿಯಲ್ಲಿವೆ, ಸುಂಕ ಎಷ್ಟು ಇಳಿಯುತ್ತದೆ, ಯಾವ ವರ್ಷದಿಂದ ಇಳಿಯುತ್ತದೆ ಎಂಬುದನ್ನು ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಪ್ರಕಟಿಸಿ, ಶಿರಸಿಯ ಪ್ರಾಂಗಣದಲ್ಲೂ ಹೊನ್ನಾವರದ ದಕ್ಕೆಯಲ್ಲೂ ಸಭೆ ಕರೆದು ಓದಿ ಹೇಳಿ ಎಂದು ಕೇಳಿ.